ಶವರ್ ರಿಪೇರಿಗೆ ಊರಿನ ಪ್ಲಂಬರೋ, ಕಂಪನಿಯವರೋ?

ಮಡಿಕೇರಿ ಆಸುಪಾಸಿನ ತೋಟದ ಮನೆಯವರಿಗೆ ನಾನು ಹೇಳುವುದು, ಮೊದಲು ಊರಿನ ಪ್ಲಂಬರ್‌ಗೇ ಫೋನ್ ಮಾಡಿ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮೈಸೂರಿನಿಂದ ಕಂಪನಿಯವರು ಬರುವುದಕ್ಕೆ ದಿನಗಟ್ಟಲೆ ಕಾಯಬೇಕಾಗುತ್ತದೆ. ನಮ್ಮ ಮನೆಯಲ್ಲಿ ಎಷ್ಟು ಬಿಗಿಯಾಗಿ ತಿರುಗಿಸಿದರೂ ಶವರ್ ತೊಟ್ಟಿಕ್ಕುತ್ತಿತ್ತು. ಬಂದ ಊರಿನ ಪ್ಲಂಬರ್ ನಲ್ಲಿಯ ಹಿಡಿಯೊಂದಿಗೆ ತಿರುಗುವ ಕಡ್ಡಿ, ಅಂದರೆ ಸ್ಪಿಂಡಲ್ ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸಿದರು: ತುದಿಯ ರಬ್ಬರ್ ವಾಷರ್ ಸವೆದು ಉಂಗುರದಂತೆ ಗುಳಿ ಬಿದ್ದಿತ್ತು. ಶವರಿನ ತೂತುಗಳಲ್ಲಿ ಬೋರ್‌ವೆಲ್ ನೀರಿನ ಕೆಂಪು ಕಿಟ್ಟ. ವಾಷರ್ ಬದಲಿಸಿ, ತೂತು ಉಜ್ಜಿ, ಅರ್ಧ ಇಂಚಿನ ತ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿದರು. ಅಷ್ಟೇ ಕೆಲಸ.

ನೀರನ್ನು ಶವರಿಗೋ ನಲ್ಲಿಗೋ ತಿರುಗಿಸುವ, ಗೋಡೆಯೊಳಗಿನ ಡೈವರ್ಟರ್ ಕೆಟ್ಟಿದ್ದರೆ ಮಾತು ಬೇರೆ. ಅದರೊಳಗೆ ನೀರನ್ನು ನಿಯಂತ್ರಿಸುವ ಬಿಡಿಭಾಗ, ಅಂದರೆ ಕಾರ್ಟ್ರಿಡ್ಜ್, ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬದಲಾಗುತ್ತದೆ. ವಾರಂಟಿ ಇದ್ದರಂತೂ ತಡವಾದರೂ ಕಂಪನಿಯವರೇ ಬರಲಿ. ಇಬ್ಬರಲ್ಲಿ ಯಾರೇ ಬಂದರೂ ಕೂಲಿ, ಸಾಮಾನಿನ ಲೆಕ್ಕ ಮೊದಲೇ ಕೇಳಿಕೊಳ್ಳಿ. ಅಂದಾಜಿನ ಮೇಲೆ ಟೈಲ್ಸ್ ಒಡೆಯಲು ಮಾತ್ರ ಬಿಡಬೇಡಿ.