ಧಾರಾವಾಹಿ ಸೊಸೆಯ ಶುಭಾಶಯ: ದುಡ್ಡು ಕೊಟ್ಟು ತರಿಸಿದ ಒಂದು ವಿಡಿಯೋದ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಐದರಲ್ಲಿ ಮೂರು ಸ್ಟಾರ್. ದುಡ್ಡು ಕಟ್ಟಿದರೆ ಸಿನಿಮಾ, ಧಾರಾವಾಹಿ, ಕ್ರಿಕೆಟ್‌ನವರು ನಿಮ್ಮ ಮನೆಯವರ ಹೆಸರು ಹಿಡಿದು ಶುಭಾಶಯ ಹೇಳಿ ವಿಡಿಯೋ ಕಳಿಸುವ ಆ್ಯಪ್‌ಗಳು ಈಗ ಹಲವು ಇವೆ. ಅದರಲ್ಲಿ ಒಂದನ್ನು ನಾವು ಬಳಸಿ ನೋಡಿದೆವು. ಆ್ಯಪ್ ಹೆಸರು ಹಾಕುವುದಿಲ್ಲ, ನಟಿಯ ಹೆಸರೂ ಬೇಡ. ಇಂಥದ್ದು ತರಿಸುವ ಯೋಚನೆ ಇದ್ದವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಉಡುಪಿ ಜಿಲ್ಲೆಯ ಕೋಟದಲ್ಲಿರುವ ನನ್ನ ದೊಡ್ಡಮ್ಮ ಅಂಗನವಾಡಿ ಕೆಲಸದಿಂದ ನಿವೃತ್ತರಾದರು. ಮನೆಯಲ್ಲೇ ಒಂದು ಊಟ ಇಟ್ಟುಕೊಂಡಿದ್ದರು. ದುಬೈಯಲ್ಲಿರುವ ಅವರ ಮಗನಿಗೆ, ಅಂದರೆ ನಮ್ಮ ಅಣ್ಣನಿಗೆ, ರಜೆ ಸಿಗಲಿಲ್ಲ. ಸೀರೆ ಕೊಟ್ಟರೆ ಕಪಾಟಿಗೆ ಹೋಗುತ್ತದೆ, ಮೊಬೈಲ್ ಕೊಟ್ಟರೆ "ಹಳೆಯದ್ದೇ ಸಾಕು" ಅನ್ನುತ್ತಾರೆ. ಹಾಗಾಗಿ ದೊಡ್ಡಮ್ಮ ದಿನಾ ಸಂಜೆ ತಪ್ಪದೆ ನೋಡುವ ಧಾರಾವಾಹಿಯ ಸೊಸೆಯಿಂದಲೇ ಎರಡು ಮಾತು ಹೇಳಿಸುವ ಅಂತ ಅವನು ಹೊರಟ.

ಅವನ ಫೋನಿನಲ್ಲಿ ಆ ನಟಿಯ ರೇಟು ಡಾಲರ್‌ನಲ್ಲಿ ಬಂತು. ಇಲ್ಲಿ ಮಂಗಳೂರಿನಲ್ಲಿ ನನ್ನ ಫೋನಿನಲ್ಲಿ ನೋಡಿದರೆ ಅದರ ಹತ್ತಿರ ಹತ್ತಿರ ಅರ್ಧ! ಅದೇ ಮುಖ, ಅದೇ ನಲವತ್ತು ಸೆಕೆಂಡು. ಹೊರದೇಶದಲ್ಲಿರುವವನಿಗೆ ಊರಿನ ನೆನಪು ಜಾಸ್ತಿ, ಜೇಬೂ ದೊಡ್ಡದು ಅನ್ನುವ ಲೆಕ್ಕ ಇರಬೇಕು. ಗಲ್ಫ್‌ನಲ್ಲಿ ಮಕ್ಕಳಿರುವ ಮನೆಗಳು ನಮ್ಮ ಕಡೆ ಎಷ್ಟಿವೆ ಅಂತ ನಿಮಗೂ ಗೊತ್ತು, ಆದ್ದರಿಂದ ಇದನ್ನು ಮೊದಲು ಹೇಳಿದೆ. ಆರ್ಡರನ್ನು ಊರಿನಿಂದಲೇ ಮಾಡಿ. ನಮಗೆ ಜಿಎಸ್‌ಟಿ ಎಲ್ಲ ಸೇರಿ ಮೂರೂವರೆ ಸಾವಿರದ ಹತ್ತಿರ ಬಿತ್ತು. ಜಿಎಸ್‌ಟಿ ಎಷ್ಟು ಅನ್ನುವುದು ಕಾಣುವುದು ಮಾತ್ರ ಕೊನೆಯ ಪುಟದಲ್ಲಿ, ಯುಪಿಐ ಪಿನ್ ಒತ್ತುವ ಮುಂಚೆ. ಇದು ನನಗೆ ಸರಿ ಕಾಣಲಿಲ್ಲ.

ಆರ್ಡರ್ ಮಾಡುವುದು ಸುಲಭ. ಯಾರಿಗೆ, ಯಾರ ಕಡೆಯಿಂದ, ಏನು ಸಂದರ್ಭ, ಹೆಸರನ್ನು ಹೇಗೆ ಹೇಳಬೇಕು, ಎಲ್ಲಕ್ಕೂ ಒಂದೊಂದು ಡಬ್ಬಿ. ಆಮೇಲೆ ಹೇಳಿಸಬೇಕಾದ ಮಾತು ಬರೆಯಲು ಒಂದು ದೊಡ್ಡ ಡಬ್ಬಿ. ಬರೆಯಲು ಗೊತ್ತಾಗದಿದ್ದರೆ ಅವರೇ ಬರೆದುಕೊಡುತ್ತಾರಂತೆ. ನಾನು ಸುಮ್ನೆ ಆ ಬಟನ್ ಒತ್ತಿ ನೋಡಿದೆ. "ನಿಮ್ಮ ಸೇವೆ ಸಮಾಜಕ್ಕೆ ಸ್ಫೂರ್ತಿಯ ಚಿಲುಮೆ" ಅಂತ ಬಂತು. ಅಳಿಸಿ ನಾವೇ ಬರೆದೆವು. ದೊಡ್ಡಮ್ಮ ಮಕ್ಕಳಿಗೆ ಉಪ್ಪಿಟ್ಟು ಬಡಿಸುವಾಗ ಹಾಡುತ್ತಿದ್ದ ಹಾಡಿನ ವಿಷಯ, ಮಳೆಗಾಲದಲ್ಲಿ ಕೊಡೆ ಹಿಡಿದುಕೊಂಡು ತೋಡು, ಅಂದರೆ ಸಣ್ಣ ಹಳ್ಳ, ದಾಟಿಸುತ್ತಿದ್ದದ್ದು, ಇಂಥವು.

ಈಗ ಆ್ಯಪ್ ಒಳಗಿನ ಪಟ್ಟಿಯ ಬಗ್ಗೆ. ನನಗೆ ಅತಿ ಜಾಸ್ತಿ ಕುತೂಹಲ ಹುಟ್ಟಿಸಿದ್ದೇ ಇದು. ಪ್ರತಿಯೊಬ್ಬರ ಫೋಟೋ, ಕೆಳಗೆ ರೇಟು, ಪಕ್ಕದಲ್ಲಿ ಇನ್‌ಸ್ಟಾಗ್ರಾಮ್ ಫಾಲೋವರ್ಸ್ ಎಷ್ಟು ಅಂತ. ಮೂವತ್ತು ವರ್ಷ ನಾಟಕ, ಸಿನಿಮಾ ಅಂತ ದುಡಿದ ಹಿರಿಯ ಪೋಷಕ ನಟರೊಬ್ಬರ ರೇಟು, ನಿನ್ನೆ ಮೊನ್ನೆ ರೀಲ್ಸ್‌ನಲ್ಲಿ ಬಂದ ಹುಡುಗನ ಅರ್ಧಕ್ಕಿಂತ ಕಡಿಮೆ. ನೋಡಿ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಹುಡುಗನ ರೇಟಿಗೂ ಗ್ಯಾರಂಟಿ ಇಲ್ಲ, ಅಲ್ವಾ? 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧ ಆದಾಗ ಲಕ್ಷಗಟ್ಟಲೆ ಫಾಲೋವರ್ಸ್ ಇದ್ದವರು ರಾತ್ರಿ ಬೆಳಗಾಗುವುದರೊಳಗೆ ಖಾಲಿ ಕೈಯಾದರು. ಜುಲೈಯಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು, ಎಲ್ಲರೂ ಅಲ್ಲಿಗೆ ಹೋಗಿ ಮೊದಲಿಂದ ಶುರು ಮಾಡಬೇಕಾಯಿತು. ಅಂಗಡಿ ಇವರದ್ದು, ಜಾಗ ಇನ್ಯಾರದ್ದೋ.

ಈ ವ್ಯಾಪಾರ ಶುರುವಾದದ್ದು ನಮ್ಮಲ್ಲಲ್ಲ. ಅಮೆರಿಕದ ಶಿಕಾಗೋದಲ್ಲಿ 2017ರಲ್ಲಿ ಕ್ಯಾಮಿಯೋ ಅಂತ ಒಂದು ಕಂಪನಿ ಇದನ್ನು ದೊಡ್ಡ ಮಟ್ಟಕ್ಕೆ ತಂದಿತು. ಕೊರೊನಾ ಸಮಯದಲ್ಲಿ ಶೂಟಿಂಗ್ ನಿಂತು ನಟರಿಗೆ ಕೆಲಸ ಇರಲಿಲ್ಲ, ಮದುವೆ ಹುಟ್ಟುಹಬ್ಬಕ್ಕೆ ಜನ ಸೇರುವ ಹಾಗಿರಲಿಲ್ಲ, ಹಾಗಾಗಿ ವ್ಯಾಪಾರ ಜೋರಾಯಿತು. 'ದಿ ಆಫೀಸ್' ಧಾರಾವಾಹಿಯಲ್ಲಿ ಕೆವಿನ್ ಅನ್ನುವ ಲೆಕ್ಕಪತ್ರ ನೋಡುವವನ ಪಾತ್ರ ಮಾಡಿದ ಬ್ರಯಾನ್ ಬೌಮ್‌ಗಾರ್ಟ್ನರ್ 2020ರಲ್ಲಿ ಈ ವಿಡಿಯೋಗಳಿಂದಲೇ ಹತ್ತು ಲಕ್ಷ ಡಾಲರ್‌ಗಿಂತ ಜಾಸ್ತಿ ಗಳಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಆತ ಹೀರೋ ಅಲ್ಲ. ಆ ಧಾರಾವಾಹಿ ಮುಗಿದದ್ದು 2013ರಲ್ಲಿ. ಆದರೆ ಒಟಿಟಿಯಲ್ಲಿ ಬೇರೆ ಬೇರೆ ದೇಶದ ಜನ ಅದನ್ನು ಮತ್ತೆ ಮತ್ತೆ ನೋಡಿ, ಆತ ಅವರಿಗೆ ಮನೆಯವನ ಹಾಗೆ ಆಗಿಬಿಟ್ಟಿದ್ದ. ಆಮೇಲೆ ಜನ ಹೊರಗೆ ಓಡಾಡಲು ಶುರು ಮಾಡಿದ ಮೇಲೆ ಕಂಪನಿಯ ಅದೃಷ್ಟ ಇಳಿಯಿತು. 2021ರಲ್ಲಿ ನೂರು ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡದ್ದು ಮರುವರ್ಷವೇ ಕೆಲಸಗಾರರನ್ನು ತೆಗೆಯುವ ಸ್ಥಿತಿಗೆ ಬಂತು.

ನನಗೆ ಇದರಲ್ಲಿ ಒಂದು ಪಾಠ ಕಂಡಿತು, ಕೊಳ್ಳುವವರಿಗೆ ಅದೇ ಮುಖ್ಯ. ದೊಡ್ಡ ಸ್ಟಾರ್‌ಗಿಂತ ದಿನಾ ಮನೆಗೆ ಬರುವ ಮುಖವೇ ಮೇಲು. ಪರಿಚಯದವರೊಬ್ಬರು ಮಗನ ಹುಟ್ಟುಹಬ್ಬಕ್ಕೆ ಹಿಂದಿಯ ಹೆಸರಾಂತ ನಟನಿಂದ ಹತ್ತು ಪಟ್ಟು ದುಡ್ಡು ಕೊಟ್ಟು ತರಿಸಿದ್ದರು. ಆ ಮನುಷ್ಯ ಕಾರಿನಲ್ಲಿ ಕೂತು, ಕಪ್ಪು ಕನ್ನಡಕ ತೆಗೆಯದೆ, ಹನ್ನೆರಡು ಸೆಕೆಂಡಿನಲ್ಲಿ ಮುಗಿಸಿದ. ಹುಡುಗ ಒಂದು ಸಲ ನೋಡಿ ಕೇಕ್ ಕಡೆ ಹೋದ.

ಪಟ್ಟಿಯಲ್ಲಿ ಇನ್ನೊಂದು ಆಟ ಆಡಿದೆ. "ಯಕ್ಷಗಾನ" ಅಂತ ಹುಡುಕಿದೆ, ಏನೂ ಬರಲಿಲ್ಲ. ತುಳು ರಂಗಭೂಮಿ ಅಂತ ಹುಡುಕಿದೆ, ಬಂದದ್ದು ಯಾವುದೋ ರಂಗೋಲಿ ಕಲಿಸುವವರು. "ಕಂಬಳ" ಅಂತ ಹಾಕಿದರೂ ಸೊನ್ನೆ. ನಮ್ಮೂರಿನಲ್ಲಿ ಮೇಳ ಬಂದರೆ ಚೌಕಿಗೆ ಹೋಗಿ ಬಣ್ಣ ಹಚ್ಚಿಕೊಳ್ಳುತ್ತಿರುವ ಕಲಾವಿದರ ಹತ್ತಿರ ನಿಂತು ಮಾತಾಡಿ ಬರಬಹುದು, ಅದಕ್ಕೆ ಟಿಕೆಟ್ ಇಲ್ಲ. ಇಡೀ ಎರಡು ಜಿಲ್ಲೆಗೆ ಗೊತ್ತಿರುವ ಭಾಗವತರು ಬೆಳಿಗ್ಗೆ ಮೀನು ಮಾರ್ಕೆಟ್‌ನಲ್ಲಿ ಸಿಗುತ್ತಾರೆ. ಆ್ಯಪ್‌ನ ಕಣ್ಣಿಗೆ ಇವರು ಯಾರೂ ಸೆಲೆಬ್ರಿಟಿ ಅಲ್ಲ.

ಕಂಬಳ ಅಂತ ಯಾಕೆ ಹುಡುಕಿದೆ ಅಂದರೆ ಶ್ರೀನಿವಾಸ ಗೌಡರ ಕಥೆ ನೆನಪಾಗಿ. ಮೂಡುಬಿದಿರೆ ಹತ್ತಿರದ ಮಿಜಾರಿನವರು, 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಕೋಣಗಳ ಜೊತೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಇಲ್ಲಿಯ ಕಂಬಳಾಭಿಮಾನಿಗಳಿಗೆ ಅವರು ಮೊದಲೇ ಗೊತ್ತಿದ್ದವರು. ಆದರೆ ಯಾರೋ ಲೆಕ್ಕ ಹಾಕಿ ಇದು 100 ಮೀಟರಿಗೆ 9.55 ಸೆಕೆಂಡ್ ಆಗುತ್ತದೆ, ಉಸೇನ್ ಬೋಲ್ಟ್‌ನ 9.58ಕ್ಕಿಂತ ಕಡಿಮೆ ಅಂದದ್ದೇ ತಡ, ವಿಡಿಯೋ ಲೋಕವೆಲ್ಲ ಸುತ್ತಿತು. ವಿದೇಶಿ ಚಾನೆಲ್‌ಗಳು ಬಂದವು. ಕೇಂದ್ರದ ಕ್ರೀಡಾ ಸಚಿವರೇ ಟ್ರಯಲ್ಸ್‌ಗೆ ಕರೆದರು. ಗೌಡರು ಒಪ್ಪಲಿಲ್ಲ. ಕೆಸರಿನಲ್ಲಿ ಕೋಣಗಳ ಹಿಂದೆ ಓಡುವುದೇ ಬೇರೆ, ಸ್ಪೈಕ್ಸ್ ಹಾಕಿ ಟ್ರ್ಯಾಕ್‌ನಲ್ಲಿ ಓಡುವುದೇ ಬೇರೆ, ಇದು ಕಂಬಳ ನೋಡಿದ ಯಾರಿಗೂ ಗೊತ್ತು. ಕೆಲವೇ ದಿನಗಳಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ವೇಣೂರಿನಲ್ಲಿ ಇನ್ನೂ ಜೋರಾಗಿ ಓಡಿದರು, ಲೆಕ್ಕ 9.51ಕ್ಕೆ ಬಂತು. ಅಂದರೆ ನಮ್ಮ ಗದ್ದೆಯ ಹೆಸರು ಲೋಕಕ್ಕೆ ಕಾಣಬೇಕಾದರೆ ಅವರ ಅಳತೆಗೋಲಿಗೆ ಸಿಗಬೇಕು. ಅಲ್ಲಿ ಬೋಲ್ಟ್, ಈ ಆ್ಯಪ್‌ನಲ್ಲಿ ಫಾಲೋವರ್ಸ್. ಕೋಣಗಳ ಹೆಸರು ಯಾವ ವಿದೇಶಿ ಚಾನೆಲ್ ಕೇಳಿತೋ ದೇವರೇ ಬಲ್ಲ. ಇಲ್ಲಿ ಮಾತ್ರ ಕೋಣಕ್ಕೂ ಅಭಿಮಾನಿಗಳಿದ್ದಾರೆ.

ಇರಲಿ, ವಿಡಿಯೋಗೆ ಬರುತ್ತೇನೆ. ಹೇಳಿದ ದಿನಕ್ಕೆ ಬರಲಿಲ್ಲ. ಊಟದ ಹಿಂದಿನ ರಾತ್ರಿ ತನಕ "ಪ್ರಗತಿಯಲ್ಲಿದೆ" ಅಂತಲೇ ತೋರಿಸುತ್ತಿತ್ತು. ಕಸ್ಟಮರ್ ಕೇರ್‌ನಲ್ಲಿ ಮನುಷ್ಯರು ಇಲ್ಲ, ಚಾಟ್‌ನಲ್ಲಿ ಯಂತ್ರ "ನಿಮ್ಮ ತಾಳ್ಮೆಗೆ ಧನ್ಯವಾದ" ಅನ್ನುತ್ತದೆ, ತಾಳ್ಮೆ ಇದೆ ಅಂತ ಅದಕ್ಕೆ ಹೇಳಿದವರು ಯಾರೋ! ಒಂದು ಸ್ಟಾರ್ ಹೋದದ್ದು ಇಲ್ಲಿ. ಮರುದಿನ ಬೆಳಿಗ್ಗೆ ವಾಟ್ಸಾಪ್‌ಗೆ ಲಿಂಕ್ ಬಂತು.

ಊಟ ಆದ ಮೇಲೆ ಟಿವಿಗೆ ಹಾಕಿದೆವು. ನಟಿ ಮೇಕಪ್ ರೂಮಿನಲ್ಲಿ ಕೂತಿದ್ದಳು, ಅರ್ಧ ಜಡೆ ಹೆಣೆದಿತ್ತು, ಹಿಂದೆ ಹ್ಯಾಂಗರಿನಲ್ಲಿ ಧಾರಾವಾಹಿಯ ಅದೇ ಹಸಿರು ಸೀರೆ. ಕಣ್ಣು ಎಡದಿಂದ ಬಲಕ್ಕೆ ಹೋಗುತ್ತಿತ್ತು, ಓದುತ್ತಿದ್ದಾಳೆ ಅಂತ ಗೊತ್ತಾಗುತ್ತದೆ. "ಎಂಚ ಉಲ್ಲರ್, ಮಂಗಳೂರಿನ ನಮ್ಮ ಪ್ರೀತಿಯ ಟೀಚರಮ್ಮ" ಅಂತ, ತುಳುವಿನಲ್ಲಿ ಹೇಗಿದ್ದೀರಿ ಅಂತ ಕೇಳಿ, ಶುರು ಮಾಡಿದಳು. ನಾವು ಕೋಟ ಅಂತ ಬರೆದಿದ್ದೆವು, ಅಲ್ಲಿಯ ಮಾತು ಕುಂದಾಪುರದ ಕನ್ನಡ, ತುಳು ಅಲ್ಲ. ಬೆಂಗಳೂರಿನಿಂದ ನೋಡಿದರೆ ಘಟ್ಟದ ಕೆಳಗೆ ಇರುವುದೆಲ್ಲ ಮಂಗಳೂರು, ಎಲ್ಲರೂ ತುಳುವರು. ದೊಡ್ಡಮ್ಮ ಅಲ್ಲೇ, "ಹ್ವಾಯ್, ನಂಗ್ ತುಳು ಎಲ್ಲ್ ಬತ್ತ್?" ಅಂತ ಟಿವಿಗೇ ಕೇಳಿದರು. ಎಲ್ಲರಿಗೂ ನಗು.

ಆದರೆ ತೋಡು ದಾಟಿಸುವ ಸಾಲಿಗೆ ಬಂದಾಗ ಆ ಹುಡುಗಿ ಓದುವುದು ನಿಲ್ಲಿಸಿದಳು. ಕ್ಯಾಮೆರಾ ನೋಡಿ, "ನಮ್ಮ ಅಜ್ಜಿಯೂ ಹೀಗೇ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದರು" ಅಂತ ತನ್ನದೇ ಒಂದು ಮಾತು ಸೇರಿಸಿದಳು. ಅದು ನಾವು ಬರೆದದ್ದಲ್ಲ. ನಿಜವೋ ಅಭಿನಯವೋ, ಅವಳ ಕೆಲಸವೇ ಅಭಿನಯ, ಅದನ್ನು ಚೆನ್ನಾಗಿ ಮಾಡಿದಳು. ಒಟ್ಟು ನಲವತ್ತು ಸೆಕೆಂಡಿಗೆ ದುಡ್ಡು ಕೊಟ್ಟದ್ದು, ಒಂದು ನಿಮಿಷದ ಮೇಲೆಯೇ ಮಾತಾಡಿದ್ದಳು.

ದೊಡ್ಡಮ್ಮ ಅಳಲಿಲ್ಲ. ಸೆರಗು ಸರಿ ಮಾಡಿಕೊಂಡು, ಇನ್ನೊಮ್ಮೆ ಹಾಕಲು ಹೇಳಿ, ಮುಗಿದ ಮೇಲೆ ನನ್ನ ಹತ್ತಿರ ಗಂಭೀರವಾಗಿ, "ಅವ್ಳತ್ರ ಹೇಳ್ ಮಗಾ, ಆ ಗಂಡನ್ನ ನಂಬುದ್ ಬ್ಯಾಡ ಅಂದೇಳಿ" ಅಂದರು. ಧಾರಾವಾಹಿಯಲ್ಲಿ ಗಂಡ ಆಸ್ತಿಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಕಂತು ನಡೆಯುತ್ತಿತ್ತು. ಅದು ನಟನೆ ಅಂತ ದೊಡ್ಡಮ್ಮನಿಗೆ ಗೊತ್ತಿಲ್ಲವಾ? ಚೆನ್ನಾಗಿಯೇ ಗೊತ್ತು. ಆದರೂ ಒಂದು ಮಾತು ಹೇಳಿದ್ದಾಳೆ, ತಿರುಗಿ ಒಂದು ಮಾತು ಹೇಳಬೇಕಲ್ಲ. ಆ್ಯಪ್‌ನಲ್ಲಿ ಉತ್ತರ ಕೊಡಲು ಜಾಗವೇ ಇಲ್ಲ. ವಾಯ್ಸ್ ಕಳಿಸುವ ಹಾಗಿಲ್ಲ. ಇರುವುದು ರೇಟಿಂಗ್ ಡಬ್ಬಿ ಒಂದೇ, ನಾನು ದೊಡ್ಡಮ್ಮನ ಮಾತನ್ನು ಅದರಲ್ಲೇ ಟೈಪ್ ಮಾಡಿ ಹಾಕಿದೆ. ಆ ಎರಡನೇ ಸ್ಟಾರ್ ಇದಕ್ಕೇ ಹೋಯಿತು. ದುಡ್ಡು ತೆಗೆದುಕೊಳ್ಳುವುದು "ನಿಮ್ಮ ಮೆಚ್ಚಿನ ತಾರೆಯ ಜೊತೆ ಮಾತಾಡಿ" ಅಂತ, ಮಾತಾಡುವುದು ಮಾತ್ರ ಒಬ್ಬರೇ.

ಅಂಗಡಿಯವರಿಗೆ ಒಂದು ವಿಷಯ. ಮನೆ ಬಳಕೆಗೆ ತರಿಸಿದ ವಿಡಿಯೋವನ್ನು ಅಂಗಡಿಯ ಜಾಹೀರಾತಿಗೆ ಹಾಕುವ ಹಾಗಿಲ್ಲ, ಅದಕ್ಕೆ ಬೇರೆ ರೇಟು, ಬಹಳ ಜಾಸ್ತಿ. ದುಡ್ಡು ಕೊಟ್ಟು ಹೊಗಳಿಸಿದರೆ ಅದನ್ನು ವಿಡಿಯೋದಲ್ಲೇ ಹೇಳಬೇಕು ಅಂತ 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಸೂಚನೆ ಹೊರಡಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ನಮ್ಮ ಊರಿನ ಹೋಟೆಲ್ ರೀಲ್ಸ್ ನೋಡಿದರೆ ಈ ಸೂಚನೆ ಘಟ್ಟ ಇಳಿದ ಹಾಗೆ ಕಾಣುವುದಿಲ್ಲ.

ಇನ್ನು ಅಗ್ಗಕ್ಕೆ ಸಿಗುತ್ತದೆ ಅಂತ ಟೆಲಿಗ್ರಾಂನಲ್ಲಿ ಬರುವವರ ಹತ್ತಿರ ಹೋಗಬೇಡಿ. ಅಲ್ಲಿ ಎಐ ಬಳಸಿ ಮುಖ, ದನಿ ಎರಡೂ ಮಾಡಿ ಕೊಡುತ್ತಾರೆ. ಮಂಗಳೂರಿನಲ್ಲೇ ಹುಟ್ಟಿದ ಐಶ್ವರ್ಯಾ ರೈ ತನ್ನ ಹೆಸರು, ಚಿತ್ರವನ್ನು ಹೀಗೆ ಬಳಸುವುದರ ವಿರುದ್ಧ 2025ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟಿನಿಂದ ಆದೇಶ ತಂದಿದ್ದಾರೆ.

ತರಿಸುವವರು ಕನಿಷ್ಠ ಹದಿನೈದು ದಿನ ಮೊದಲು ಆರ್ಡರ್ ಮಾಡಿ. ಊರಿನ ಹೆಸರನ್ನು ಎರಡು ಕಡೆ ಬರೆಯಿರಿ, ತುಳು ಬೇಡ ಅಂದರೆ ಬೇಡ ಅಂತಲೂ ಬರೆಯಿರಿ. ಮಾತು ನೀವೇ ಬರೆದು ಕೊಡಿ, ಅದರಲ್ಲಿ ನಿಮ್ಮ ಮನೆಯವರು ಮಾಡಿದ ಒಂದು ಕೆಲಸ ಇರಲಿ. ಲಿಂಕ್ ಬಂದ ಕೂಡಲೇ ವಿಡಿಯೋ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಸ್ವಲ್ಪ ದಿನ ಕಳೆದ ಮೇಲೆ ಅದು ತೆರೆಯುವುದಿಲ್ಲ, ಮತ್ತೆ ಬೇಕಾದರೆ ಇನ್ನೊಂದಿಷ್ಟು ದುಡ್ಡು ಕೇಳುತ್ತಾರೆ.