ಕ್ಷಮಾದಾನವೋ, ವಾಪಸ್ ಕಳಿಸುವುದೋ: ಅಮೆರಿಕದ ಎರಡು ನಿಲುವುಗಳು

ದಾಖಲೆ ಇಲ್ಲದೆ ಅಮೆರಿಕದಲ್ಲಿ ಇರುವ ವಲಸಿಗರಿಗೆ ಕ್ಷಮಾದಾನ ಕೊಟ್ಟು ಅಲ್ಲೇ ಉಳಿಯಲು ಬಿಡಬೇಕೋ, ವಾಪಸ್ ಕಳಿಸಬೇಕೋ? ಯಾವ ಕಡೆ ನಿಲ್ಲಬೇಕು ಅಂತ ಯೋಚಿಸುತ್ತಿದ್ದರೆ ಮೊದಲು 1986ರ ಕಾನೂನನ್ನು ನೋಡಿ. ಅಧ್ಯಕ್ಷ ರೊನಾಲ್ಡ್ ರೇಗನ್ ಅದಕ್ಕೆ ಸಹಿ ಹಾಕಿದರು. ಇಂಥ ಸುಮಾರು 27 ಲಕ್ಷ ಜನರಿಗೆ ಅಲ್ಲಿ ನೆಲೆಸುವ ಹಕ್ಕು ಸಿಕ್ಕಿತು. ದಾಖಲೆ ಇಲ್ಲದವರನ್ನು ಕೆಲಸಕ್ಕಿಟ್ಟುಕೊಳ್ಳುವ ಮಾಲೀಕರಿಗೆ ದಂಡ ಅಂತಲೂ ಬರೆದರು. ಆದರೆ ಆ ಭಾಗ ಬಿಗಿಯಾಗಿ ಜಾರಿಯಾಗಲೇ ಇಲ್ಲ. ಮುಂದೆ ದಾಖಲೆ ಇಲ್ಲದವರ ಸಂಖ್ಯೆ ಒಂದು ಕೋಟಿ ದಾಟಿತು.

ಕ್ಷಮಾದಾನ ಬೇಡ ಅನ್ನುವವರ ಸಿಟ್ಟಿನ ಬೇರು ಇಲ್ಲೇ ಇದೆ. ಒಮ್ಮೆ ಕ್ಷಮಿಸಿದರೆ ಇನ್ನೊಮ್ಮೆಯೂ ಕ್ಷಮಿಸುತ್ತಾರೆಂದು ಇನ್ನಷ್ಟು ಜನ ಬರುತ್ತಾರೆ ಅನ್ನುವುದು ಅವರ ವಾದ. ಗ್ರೀನ್ ಕಾರ್ಡ್‌ಗಾಗಿ, ಅಂದರೆ ಕಾಯಂ ನೆಲೆಸುವ ಅನುಮತಿಗಾಗಿ, ವರ್ಷಗಟ್ಟಲೆ ಕಾಯುವವರಿಗೆ ಇದು ಅನ್ಯಾಯ ಅಲ್ವಾ? ಈ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕುವಂತಿಲ್ಲ.

ಬೇಕು ಅನ್ನುವವರು ಈಗಾಗಲೇ ಅಲ್ಲಿರುವ ಬದುಕನ್ನು ನೋಡುತ್ತಾರೆ. ಹೊಲದಲ್ಲಿ, ಕಟ್ಟಡದಲ್ಲಿ ದುಡಿಯುವವರು, ತೆರಿಗೆ ಕಟ್ಟುವವರು ಇದರಲ್ಲಿ ಎಷ್ಟೋ ಜನ. ಎಲ್ಲರೂ ಗಡಿ ದಾಟಿ ಬಂದವರಲ್ಲ, ವೀಸಾ ಮುಗಿದ ಮೇಲೆ ಉಳಿದವರೂ ಇದ್ದಾರೆ. ಅಪ್ಪ ಅಮ್ಮನಿಗೆ ದಾಖಲೆ ಇಲ್ಲ, ಅಲ್ಲೇ ಹುಟ್ಟಿದ ಮಗು ಅಮೆರಿಕದ ಪ್ರಜೆ. ಅಂಥ ಮನೆಯನ್ನು ಒಡೆಯುವುದು ನನಗಂತೂ ಒಪ್ಪಿಗೆಯಿಲ್ಲ. ಚಿಕ್ಕಂದಿನಲ್ಲೇ ಬಂದವರಿಗೆ 2012ರ ಡಾಕಾ (DACA) ಅನ್ನುವ ಸರ್ಕಾರಿ ಯೋಜನೆ ವಾಪಸ್ ಕಳಿಸದಂತೆ ಆಸರೆ ಕೊಟ್ಟಿತು, ಪೌರತ್ವ ಕೊಡಲಿಲ್ಲ.

ಇವರಿಂದ ಅಲ್ಲಿನವರ ಕೂಲಿ ಇಳಿಯುತ್ತದೆಯೇ ಅನ್ನುವುದರಲ್ಲಿ ಅರ್ಥಶಾಸ್ತ್ರಜ್ಞರೇ ಒಂದಾಗಿಲ್ಲ.

ಎರಡರ ನಡುವೆ ಒಂದು ದಾರಿಯೂ ಇತ್ತು. ದಂಡ ಕಟ್ಟಿ, 13 ವರ್ಷ ಕಾದರೆ ಪೌರತ್ವ. ಜೊತೆಗೆ ಗಡಿ ಕಾವಲು ಜಾಸ್ತಿ. 2013ರಲ್ಲಿ ಮೇಲ್ಮನೆಯಾದ ಸೆನೆಟ್ ಈ ಮಸೂದೆಯನ್ನು 68-32 ಮತಗಳಿಂದ ಒಪ್ಪಿತು. ಕೆಳಮನೆ ಅದನ್ನು ಮತಕ್ಕೇ ಹಾಕಲಿಲ್ಲ.