ಜಾನುವಾರು ಸಾಗಾಟದಿಂದ ರೋಗದ ಹಾದಿ ಲೆಕ್ಕ ಹಾಕುವ ಸಿಮ್‌ಇನ್ಫ್: ಬಳಕೆದಾರರೊಬ್ಬರ ವಿಮರ್ಶೆ

ದನ, ಕುರಿ, ಹಂದಿಗಳು ಒಂದು ಫಾರ್ಮ್‌ನಿಂದ ಇನ್ನೊಂದಕ್ಕೆ ಸಾಗಿದ ದಾಖಲೆಗಳು ಕೈಯಲ್ಲಿದ್ದು, ಅವುಗಳ ಜೊತೆಯಲ್ಲೇ ಸೋಂಕು ಹೇಗೆ ಸಾಗಬಹುದೆಂದು ಲೆಕ್ಕ ಹಾಕಬೇಕಾದವರಿಗೆ ನಾನು ಮೊದಲು ಸೂಚಿಸುವುದು ಸಿಮ್‌ಇನ್ಫ್. ಸ್ವೀಡನ್ನಿನ ಸ್ಟೆಫಾನ್ ವಿಡ್‌ಗ್ರೆನ್ ಮತ್ತು ಅವರ ಸಹೋದ್ಯೋಗಿಗಳು ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಗಾಗಿ ರೂಪಿಸಿದ ಈ ಸಾಫ್ಟ್‌ವೇರ್ ಪ್ಯಾಕೇಜ್ ಉಚಿತವಾಗಿ ಸಿಗುತ್ತದೆ, ಅದರ ಮೂಲ ಕೋಡ್ ಕೂಡ ಮುಕ್ತವಾಗಿದೆ. ಲೆಕ್ಕದ ಭಾರವನ್ನೆಲ್ಲ ಒಳಗೆ ಸಿ ಭಾಷೆಯ ಕೋಡ್ ಹೊರುವುದರಿಂದ ಸಾವಿರಾರು ಹಿಂಡುಗಳ ಹಲವು ವರ್ಷಗಳ ಸಾಗಾಟವನ್ನು ಸಾಮಾನ್ಯ ಕಂಪ್ಯೂಟರಿನಲ್ಲೇ ಮತ್ತೆ ಮತ್ತೆ ಓಡಿಸಿ ನೋಡಬಹುದು.

ಇದರ ನಿಜವಾದ ಬಲ ಇರುವುದು ದಿನಾಂಕವನ್ನು ಗೌರವಿಸುವುದರಲ್ಲಿ. ವರ್ಷವಿಡೀ ನಡೆದ ಸಾಗಾಟಗಳನ್ನೆಲ್ಲ ಒಂದೇ ಜಾಲವಾಗಿ ಚಿತ್ರಿಸಿ, ಯಾವ ಫಾರ್ಮ್‌ಗೆ ಹೆಚ್ಚು ಗೆರೆಗಳು ಸೇರಿವೆ ಎಂದು ಎಣಿಸುವ ಪದ್ಧತಿ ವ್ಯಾಪಕವಾಗಿದೆ. ಆದರೆ ಮೊದಲನೆಯ ಫಾರ್ಮ್‌ನಿಂದ ಎರಡನೆಯದಕ್ಕೆ ಸೋಮವಾರ ಹಸು ಬಂದು, ಎರಡನೆಯದರಿಂದ ಮೂರನೆಯದಕ್ಕೆ ಗುರುವಾರ ಇನ್ನೊಂದು ಹಸು ಹೋದರೆ ಸೋಂಕಿಗೆ ದಾರಿ ಉಂಟು. ಇದೇ ಎರಡು ಸಾಗಾಟಗಳು ಹಿಂದುಮುಂದಾಗಿ ನಡೆದಿದ್ದರೆ ಆ ದಾರಿಯೇ ಇಲ್ಲ. ಜಾಲದ ಚಿತ್ರ ಮಾತ್ರ ಎರಡೂ ಸಂದರ್ಭಗಳಲ್ಲಿ ಒಂದೇ ಆಗಿರುತ್ತದೆ. ಸಿಮ್‌ಇನ್ಫ್ ಪ್ರತಿ ಫಾರ್ಮ್‌ನೊಳಗೆ ಸೋಂಕು ತಗಲುವುದನ್ನೂ ಚೇತರಿಕೆಯನ್ನೂ ಸಂಭವನೀಯತೆಯ ಆಧಾರದ ಮೇಲೆ ನಿರಂತರ ಕಾಲದಲ್ಲಿ ನಡೆಸುತ್ತಾ ಹೋಗಿ, ದಾಖಲೆಯಲ್ಲಿರುವ ದಿನ ಬಂದಾಗ ಅಲ್ಲಿ ಬರೆದಿರುವಷ್ಟು ಪ್ರಾಣಿಗಳನ್ನು ಆರಿಸಿ ಸಾಗಿಸುತ್ತದೆ. ಹೀಗೆ ಆರಿಸುವಾಗ ಸೋಂಕಿತ ಪ್ರಾಣಿ ಸಿಕ್ಕಿತೋ ಇಲ್ಲವೋ ಎಂಬುದು ಪ್ರತಿ ಓಟದಲ್ಲೂ ಬದಲಾಗುವುದರಿಂದ, ಒಂದೇ ಉತ್ತರಕ್ಕೆ ಬದಲು ಸಾಧ್ಯತೆಗಳ ಹರವೇ ನಮ್ಮ ಮುಂದೆ ತೆರೆದುಕೊಳ್ಳುತ್ತದೆ.

ದಾಖಲೆಯ ಪ್ರತಿ ಸಾಲೂ ನಾಲ್ಕು ಬಗೆಯ ಘಟನೆಗಳಲ್ಲಿ ಒಂದಾಗಿರಬೇಕು: ಸಾವು ಅಥವಾ ವಧೆಯಿಂದ ಹೊರಹೋಗುವುದು, ಹುಟ್ಟಿನಿಂದ ಅಥವಾ ದಾಖಲೆಯಲ್ಲಿಲ್ಲದ ಮೂಲದಿಂದ ಖರೀದಿಯಾಗಿ ಒಳಬರುವುದು, ಅದೇ ಫಾರ್ಮ್‌ನೊಳಗಿನ ಸ್ಥಾನಪಲ್ಲಟ, ಮತ್ತು ಫಾರ್ಮ್‌ನಿಂದ ಫಾರ್ಮ್‌ಗೆ ಸಾಗಾಟ. ಕರು ಬೆಳೆದು ಹಸುವಿನ ಗುಂಪಿಗೆ ಸೇರುವುದು, ಲಸಿಕೆ ಹಾಕಿಸಿಕೊಳ್ಳುವುದು ಇವೆಲ್ಲ ಮೂರನೆಯ ಬಗೆಯಲ್ಲಿ ಸಲೀಸಾಗಿ ಹೊಂದುತ್ತವೆ. ಅಭ್ಯಾಸಕ್ಕೆಂದು ಪ್ಯಾಕೇಜಿನ ಜೊತೆಗೇ 1600 ಹಿಂಡುಗಳ ನಾಲ್ಕು ವರ್ಷಗಳ ಮಾದರಿ ದತ್ತಾಂಶವನ್ನು ಕೊಟ್ಟಿರುವುದು ಹೊಸಬರಿಗೆ ದೊಡ್ಡ ಉಪಕಾರ. ತಮ್ಮದೇ ರೋಗಮಾದರಿ ಬೇಕೆನ್ನುವವರು ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಎಷ್ಟು ದರದಲ್ಲಿ ಬದಲಾವಣೆ ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆದರೆ ಸಾಕು, ಅಗತ್ಯವಾದ ಸಿ ಕೋಡನ್ನು ಅದೇ ತಯಾರಿಸಿಕೊಳ್ಳುತ್ತದೆ.

ಕಷ್ಟ ಶುರುವಾಗುವುದು ಸ್ವಂತ ದತ್ತಾಂಶವನ್ನು ತುಂಬಿದಾಗ. ಹತ್ತು ದನಗಳಿರುವ ಫಾರ್ಮ್‌ನಿಂದ ಹನ್ನೆರಡು ಹೊರಟವು ಎಂದು ದಾಖಲೆ ಹೇಳಿದರೆ ಓಟ ಅಲ್ಲೇ ದೋಷ ತೋರಿಸಿ ನಿಲ್ಲುತ್ತದೆ. ಹಲವರಿಗೆ ಇದು ಕಿರಿಕಿರಿ. ನನ್ನ ದೃಷ್ಟಿಯಲ್ಲಿ ಇದು ಸಾಧನದ ಅತ್ಯುತ್ತಮ ಗುಣ. ಹುಟ್ಟನ್ನು ತಡವಾಗಿ ವರದಿ ಮಾಡಿರುವುದು, ಕಳಿಸಿದವರು ಬರೆದ ದಿನಕ್ಕೂ ಪಡೆದವರು ಬರೆದ ದಿನಕ್ಕೂ ತಾಳೆಯಾಗದಿರುವುದು, ಇಂತಹ ಹುಳುಕುಗಳನ್ನು ಮುಚ್ಚಿಹಾಕಿ ಮುಂದೆ ಹೋಗುವ ಸಾಫ್ಟ್‌ವೇರ್ ಕೊಡುವ ನಕ್ಷೆ ಎಷ್ಟೇ ಅಂದವಾಗಿದ್ದರೂ ನಂಬಲು ಯೋಗ್ಯವಲ್ಲ. ಒಂದೊಂದು ಪ್ರಾಣಿಯ ಜಾಡನ್ನು ಹಿಡಿದು ದಾಖಲೆಯನ್ನು ಶುದ್ಧಗೊಳಿಸುವ ಸೌಲಭ್ಯವನ್ನು ಈಚಿನ ಆವೃತ್ತಿಗಳಲ್ಲಿ ಸೇರಿಸಿದ್ದಾರೆ. ಆದರೂ ಒಟ್ಟು ಕೆಲಸದ ಬಹುಪಾಲು ಈ ಹಂತದಲ್ಲೇ ಕಳೆಯುತ್ತದೆಂದು ಮೊದಲೇ ತಿಳಿದಿರುವುದು ಒಳ್ಳೆಯದು.

ಸಂತೆಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಕಾಲದ ಅಳತೆ ದಿನವಾಗಿರುವಾಗ, ಬೆಳಿಗ್ಗೆ ಸಂತೆಗೆ ಬಂದು ಸಂಜೆ ಬೇರೆ ಫಾರ್ಮ್ ಸೇರುವ ಕುರಿಗಳ ಎರಡೂ ಸಾಗಾಟಗಳಿಗೆ ಒಂದೇ ದಿನಾಂಕವಿರುತ್ತದೆ. ಹೊರಡುವ ಸಾಲು ಮೊದಲು ನಡೆದರೆ ಸಂತೆಯಲ್ಲಿ ಪ್ರಾಣಿಗಳೇ ಇರುವುದಿಲ್ಲ. ಸಂತೆಯನ್ನು ಬಿಟ್ಟು ಮಾರಿದವರನ್ನೂ ಕೊಂಡವರನ್ನೂ ನೇರವಾಗಿ ಜೋಡಿಸಿದರೆ ದೋಷವೇನೋ ಹೋಗುತ್ತದೆ, ಆದರೆ ಅದರ ಜೊತೆಗೆ ಹಲವು ಹಿಂಡುಗಳು ಒಂದೆಡೆ ಬೆರೆಯುವ ಅಪಾಯವೂ ಲೆಕ್ಕದಿಂದ ಹೊರಬೀಳುತ್ತದೆ. 2001ರ ಬ್ರಿಟನ್ನಿನ ಕಾಲುಬಾಯಿ ರೋಗದಲ್ಲಿ ಫೆಬ್ರವರಿ 23ರಂದು ಸಾಗಾಟ ನಿಷೇಧ ಜಾರಿಯಾಗುವ ಹೊತ್ತಿಗಾಗಲೇ ಹೆಕ್ಸಮ್, ಲಾಂಗ್‌ಟೌನ್ ಸಂತೆಗಳನ್ನು ಹಾದುಹೋದ ಕುರಿಗಳ ಮೂಲಕ ಸೋಂಕು ದೂರದ ಜಿಲ್ಲೆಗಳನ್ನು ತಲುಪಿತ್ತು. ಕೊನೆಗೆ ಸೋಂಕು ದೃಢಪಟ್ಟ ಸ್ಥಳಗಳು 2026. ಅಂತಹ ರೋಗವನ್ನು ಸಂತೆಯಿಲ್ಲದ ಮಾದರಿಯಲ್ಲಿ ಓಡಿಸಿ ಸಮಾಧಾನಪಡುವುದು ತಪ್ಪು. ದಿನವನ್ನು ಇನ್ನೂ ಸಣ್ಣ ಹೆಜ್ಜೆಗಳಾಗಿ ಒಡೆದು ಎಲ್ಲ ದರಗಳನ್ನೂ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳುವುದೇ ನಾನು ಒಪ್ಪುವ ದಾರಿ, ಶ್ರಮ ಹೆಚ್ಚಾದರೂ ಸರಿ.

ಸಾಗಾಟದ ಪುಸ್ತಕಕ್ಕೆ ಸೇರದ ಹಾದಿಗಳೂ ಇವೆ: ತೊಳೆಯದ ಲಾರಿ, ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ನಡೆದ ಬೂಟು, ಬೇಲಿಯಾಚೆಯ ಹಿಂಡು. ಪರಿಸರದಲ್ಲಿ ಉಳಿಯುವ ರೋಗಾಣುಗಳಿಗೆ ಇಲ್ಲಿ ಸಿದ್ಧ ಮಾದರಿಗಳಿವೆ, ಋತುವಿಗೆ ತಕ್ಕಂತೆ ಅವು ನಶಿಸುವ ವೇಗವನ್ನೂ ಬದಲಿಸಬಹುದು, ನೆರೆಯ ಫಾರ್ಮ್‌ಗಳಿಗೆ ಸೋರುವುದನ್ನೂ ಸೇರಿಸಬಹುದು. ಸ್ವೀಡನ್ನಿನ ದನಗಳಲ್ಲಿನ ಇ. ಕೋಲೈ ಓ157 ಎಂಬ ಬ್ಯಾಕ್ಟೀರಿಯಾದ ಅಧ್ಯಯನಕ್ಕೆ ಇದನ್ನೇ ಬಳಸಿದ್ದಾರೆ. ಲಾರಿಗಳಿಗೆ ಮಾತ್ರ ಸಿದ್ಧ ಪರಿಹಾರವಿಲ್ಲ, ಸ್ವತಃ ಕಟ್ಟಿಕೊಳ್ಳಬೇಕು.

ನನ್ನ ಗಂಭೀರ ಆಕ್ಷೇಪ ಒಂದೇ. ಘಟನೆಗಳ ಪಟ್ಟಿ ಓಟಕ್ಕೆ ಮುಂಚೆಯೇ ನಿಗದಿಯಾಗಿರುತ್ತದೆ, ಹಾಗಾಗಿ ರೋಗ ಪತ್ತೆಯಾದ ಕ್ಷಣದಿಂದ ಆ ಫಾರ್ಮ್‌ನ ಸಾಗಾಟಗಳನ್ನು ತಡೆಯಬೇಕೆಂಬ ನಿಯಮವನ್ನು ಅದರಲ್ಲಿ ನೇರವಾಗಿ ಬರೆಯಲಾಗುವುದಿಲ್ಲ. ಓಟವನ್ನು ಪತ್ತೆಯ ದಿನಕ್ಕೆ ನಿಲ್ಲಿಸಿ, ಪಟ್ಟಿಯಿಂದ ಆ ಸಾಲುಗಳನ್ನು ತೆಗೆದು, ಉಳಿದ ಸ್ಥಿತಿಯಿಂದಲೇ ಮತ್ತೆ ಆರಂಭಿಸಬೇಕು. ಹಾಗೆ ತೆಗೆದಾಗ ಮುಂದೆ ಆ ದನಗಳನ್ನು ಪಡೆದು ಮಾರಬೇಕಿದ್ದ ಫಾರ್ಮ್‌ಗಳ ಲೆಕ್ಕವೂ ತಪ್ಪುವುದರಿಂದ ಅವುಗಳ ಸಾಲುಗಳನ್ನೂ ತಿದ್ದಬೇಕಾಗುತ್ತದೆ. ನಿಷೇಧವನ್ನು ಎಷ್ಟು ಬೇಗ, ಎಷ್ಟು ವಿಸ್ತಾರಕ್ಕೆ ಹೇರಬೇಕು ಎಂಬುದು ಪಶುವೈದ್ಯ ಅಧಿಕಾರಿಗಳು ಮಾದರಿಗಾರರಿಗೆ ಕೇಳುವ ಅತಿ ತುರ್ತಿನ ಪ್ರಶ್ನೆ. ಅದಕ್ಕೆ ಉತ್ತರಿಸುವ ಅನುಕೂಲವನ್ನು ಪ್ಯಾಕೇಜಿನೊಳಗೇ ಒದಗಿಸಿದರೆ, ಈಗ ಸಂಶೋಧಕರ ಮೇಜಿನಲ್ಲಿರುವ ಈ ಸಾಧನವನ್ನು ರೋಗ ಹಬ್ಬಿರುವ ವಾರದಲ್ಲೇ ಅಧಿಕಾರಿಗಳು ಬಳಸಬಹುದಾಗಿತ್ತು.